ರಾಣೆಯವರ ನಾಲ್ಕು ದಿನದ ಹಾಜರಿ ಪುಸ್ತಕ

(ಕಾರವಾರದಲ್ಲಿ ಹೈಸ್ಕೂಲು ಮಕ್ಕಳು ಮತ್ತು ಅವರ ಮನೆಯವರ ಮುಂದೆ ಒಂದು ಸಂಜೆ ಆಡಿದ ಮಾತು. ಆಮೇಲೆ ನೆನಪು ಮಾಡಿಕೊಂಡು ಬರೆದದ್ದು.)

ಎಲ್ಲರಿಗೂ ನಮಸ್ಕಾರ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಸೈನ್ಯದಲ್ಲಿ ಇದ್ದವನಲ್ಲ, ರಸ್ತೆ ಕೆಲಸದಲ್ಲಿ ಇದ್ದವನು. ಘಟ್ಟದ ಮೇಲೆ, ಘಟ್ಟದ ಕೆಳಗೆ ಮೋರಿ, ತಡೆಗೋಡೆ, ಗುಂಡಿ ಮುಚ್ಚುವುದು ಅಂತ ಇಡೀ ನೌಕರಿ ಕಳೆದವನು. ಹಾಗಾಗಿ ಪರಮವೀರ ಚಕ್ರ ಪಡೆದ ಮೇಜರ್ ರಾಮ ರಾಘೋಬ ರಾಣೆಯವರ ಬಗ್ಗೆ ಮಾತಾಡಿ ಅಂತ ಕರೆದಾಗ ಹಿಂದೆ ಮುಂದೆ ನೋಡಿದೆ. ಬಂದೂಕು ಹಿಡಿದು ಗೊತ್ತಿಲ್ಲದವನು ಯುದ್ಧದ ಬಗ್ಗೆ ಏನು ಹೇಳುವುದು?

ಆಮೇಲೆ ಅವರ ಶೌರ್ಯದ ಸರಕಾರಿ ದಾಖಲೆ ಓದಿದೆ. ಸೈಟೇಶನ್ ಅಂತಾರಲ್ಲ, ಅದು. ಸಾಹಸದ ವರ್ಣನೆ ಇರುತ್ತದೆ ಅಂದುಕೊಂಡಿದ್ದೆ. ನೋಡಿದರೆ ತುಂಬಾ ಗಂಟೆ, ನಿಮಿಷ. ಎಷ್ಟು ಹೊತ್ತಿಗೆ ಕೆಲಸ ಶುರು, ಎಷ್ಟು ಹೊತ್ತಿಗೆ ಮುಗಿಯಿತು, ಎಷ್ಟು ಗಜ ಮುಂದೆ ಹೋದರು, ಅಡ್ಡ ಬಿದ್ದದ್ದು ಎಷ್ಟು ಮರ, ಒಡೆದದ್ದು ಯಾವ ಮೋರಿ. ಅರೆ, ಇದು ನಮ್ಮ ಹಾಜರಿ ಪುಸ್ತಕ ಅಲ್ವಾ ಅನಿಸಿತು. ಅದೊಂದನ್ನೇ ಹಿಡಿದುಕೊಂಡು ಇವತ್ತು ಮಾತಾಡುತ್ತೇನೆ. ಬೇರೆ ದಾರಿ ನನಗೆ ಗೊತ್ತಿಲ್ಲ.

ಊರಿನಿಂದ ಶುರು ಮಾಡೋಣ. ಕಾರವಾರದಿಂದ ಅಂಕೋಲೆ ಕಡೆ ಹೋಗುವಾಗ ಬಿಣಗಾ, ಅರ್ಗಾ ದಾಟಿದರೆ ಚೆಂಡಿಯಾ. ನಾಗರಮಡಿ ಜಲಪಾತಕ್ಕೆ ಹೋಗುವವರು ಇಳಿಯುವ ಊರು. ರಾಣೆಯವರ ಊರು ಅದೇ. ಹುಟ್ಟಿದ್ದು 1918ರ ಜೂನ್ 26. ತಂದೆ ರಾಘೋಬ ಅವರು ಪೊಲೀಸ್ ಕಾನ್‌ಸ್ಟೇಬಲ್. ಪೊಲೀಸರ ಮನೆ ಅಂದರೆ ಗೊತ್ತಲ್ಲ, ಎರಡು ವರ್ಷ ಒಂದು ಊರು, ಮೂರು ವರ್ಷ ಇನ್ನೊಂದು. ಹುಡುಗನ ಶಾಲೆಯೂ ತಂದೆಯ ವರ್ಗಾವಣೆ ಜೊತೆ ಓಡಾಡಿತು. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ. ಜಿಲ್ಲೆಗೆ ಜಿಲ್ಲೆಯೇ ಬಿಸಿಯಾಗಿತ್ತು. ಹನ್ನೆರಡು ವರ್ಷದ ಈ ಹುಡುಗನೂ ಚಳವಳಿಯ ಕಡೆ ವಾಲಿದ. ಮಗ ಚಳವಳಿಗೆ, ಅಪ್ಪ ಬ್ರಿಟಿಷ್ ಸರಕಾರದ ಪೊಲೀಸ್! ತಂದೆಗೆ ಹೆದರಿಕೆ ಆಗಿ ಮನೆಯವರನ್ನೆಲ್ಲ ಚೆಂಡಿಯಾಕ್ಕೇ ಕರೆದುಕೊಂಡು ಬಂದರು. ತಂದೆಯನ್ನು ದೂರಬೇಡಿ. ಸಂಬಳದ ಮನೆ ಅದು.

ಹತ್ತು ವರ್ಷ ಬಿಟ್ಟು, 1940ರ ಜುಲೈ 10ರಂದು, ಅದೇ ಹುಡುಗ ಸೈನ್ಯ ಸೇರಿದ. ಬಾಂಬೆ ಸ್ಯಾಪರ್ಸ್ ಅನ್ನುವ ಎಂಜಿನಿಯರ್ ಪಡೆ. ಅದರ ಮನೆ ಪುಣೆಯ ಖಡಕಿಯಲ್ಲಿದೆ. ತರಬೇತಿಯಲ್ಲಿ ಎಲ್ಲರಿಗಿಂತ ಒಳ್ಳೆಯ ರಿಕ್ರೂಟ್ ಅಂತ ಕಮಾಂಡೆಂಟರ ಬೆತ್ತ ಬಹುಮಾನ ಸಿಕ್ಕಿತು. ಅಲ್ಲಿಂದ ಬರ್ಮಾಕ್ಕೆ, ಜಪಾನೀಯರ ಎದುರು.

ಬರ್ಮಾದ ಒಂದು ಸಂಗತಿ ಹೇಳಲೇಬೇಕು. ಅರಾಕಾನಿನಲ್ಲಿ ನಮ್ಮ ಸೈನ್ಯ ಹಿಂದೆ ಸರಿಯುತ್ತಿತ್ತು. ಬುತಿಡಾಂಗ್ ಅನ್ನುವ ಊರಲ್ಲಿ ರಾಣೆಯವರ ಕೈಕೆಳಗೆ ಎರಡು ತುಕಡಿ ಬಿಟ್ಟು ಹೋದರು. ಶತ್ರುವಿನ ಉಪಯೋಗಕ್ಕೆ ಬರುವಂಥದ್ದನ್ನೆಲ್ಲ ಒಡೆದು ಹಾಕಿ, ಹಡಗು ಬರುತ್ತದೆ, ಹತ್ತಿ ಬನ್ನಿ ಅಂತ ಆರ್ಡರ್. ಇವರು ಒಡೆಯುವುದನ್ನು ಒಡೆದರು. ಹಡಗು ಮಾತ್ರ ಬರಲಿಲ್ಲ. ಜಪಾನಿ ಗಸ್ತಿನವರ ಕಣ್ಣು ತಪ್ಪಿಸಿ, ತಾವೇ ಹೊಳೆ ದಾಟಿ, ಹುಡುಗರನ್ನು ಕರೆದುಕೊಂಡು ತಮ್ಮ ಡಿವಿಜನ್ ಸೇರಿಕೊಂಡರು. ಆಗ ಅವರು ಆಫೀಸರ್ ಅಲ್ಲ. ಹವಾಲ್ದಾರ್, ಆಮೇಲೆ ಜಮಾದಾರ್, ಹೀಗೆ ಒಂದೊಂದೇ ಮೆಟ್ಟಿಲು ಹತ್ತಿದವರು. ಸೆಕೆಂಡ್ ಲೆಫ್ಟಿನೆಂಟ್ ಆದದ್ದು 1947ರ ಡಿಸೆಂಬರ್ 15ರಂದು.

ಈ ತಾರೀಕು ನೆನಪಿಡಿ. ಸೆಕೆಂಡ್ ಲೆಫ್ಟಿನೆಂಟ್ ಅಂದರೆ ಆಫೀಸರುಗಳಲ್ಲಿ ತೀರಾ ಕಿರಿಯ ಹುದ್ದೆ. ಮಾಮೂಲಿಗೆ ಇಪ್ಪತ್ತೊಂದು ಇಪ್ಪತ್ತೆರಡರ ಹುಡುಗರು. ರಾಣೆಯವರಿಗೆ ಆಗ 29 ದಾಟಿತ್ತು. ಹೆಗಲ ಮೇಲಿನ ನಕ್ಷತ್ರ ಹೊಸತು, ಕೈ ಮಾತ್ರ ಪಳಗಿದ್ದು. ನಮ್ಮಲ್ಲೂ ಹಾಗೇ. ಗ್ಯಾಂಗ್‌ಮನ್ ಆಗಿ ಶುರು ಮಾಡಿ ಮೇಸ್ತ್ರಿ ಆದವನ ಮಾತಿಗೆ ಆಳುಗಳು ಎದುರು ಹೇಳುವುದಿಲ್ಲ. ತಾನು ಮಾಡಿ ಗೊತ್ತಿಲ್ಲದ ಕೆಲಸ ಅವನು ಹೇಳುವುದಿಲ್ಲ ಅಂತ ಅವರಿಗೆ ಗೊತ್ತು.

ಈಗ ಕಾಶ್ಮೀರ. ಚುಟುಕಾಗಿ ಹೇಳುತ್ತೇನೆ. 1947ರ ಅಕ್ಟೋಬರಿನಲ್ಲಿ ಪಾಕಿಸ್ತಾನದ ಕಡೆಯಿಂದ ದಾಳಿ ಶುರುವಾಯಿತು. ನವೆಂಬರಿನಲ್ಲಿ ರಜೌರಿ ಅನ್ನುವ ಊರು ಕೈತಪ್ಪಿ ಹೋಯಿತು, ಡಿಸೆಂಬರಿನಲ್ಲಿ ಝಂಗಡ್ ಹೋಯಿತು. 1948ರ ಫೆಬ್ರವರಿಯಲ್ಲಿ ನೌಶೇರಾ ಮಾತ್ರ ಕೈಬಿಡದೆ ಉಳಿಸಿಕೊಂಡರು. ಬ್ರಿಗೇಡಿಯರ್ ಉಸ್ಮಾನರ ಹೆಸರು ಕೇಳಿರಬಹುದು, ಅಲ್ಲಿ ನಮ್ಮ ಪಡೆಯ ಕಮಾಂಡರ್ ಆಗಿದ್ದವರು. ಮಾರ್ಚ್ 18ಕ್ಕೆ ಝಂಗಡ್ ವಾಪಸ್ ಬಂತು. ಇನ್ನು ರಜೌರಿ. ಅಲ್ಲಿ ಜನ ಸಿಕ್ಕಿಹಾಕಿಕೊಂಡಿದ್ದರು. ಒಂದೊಂದು ದಿನ ತಡವಾದರೂ ಸಾವು ಜಾಸ್ತಿ. ಹೋಗಲು ಇರುವುದು ಒಂದೇ ರಸ್ತೆ, ಗುಡ್ಡ ಸುತ್ತಿಕೊಂಡು ಹೋಗುವ ರಸ್ತೆ. ಶತ್ರು ಹಿಂದೆ ಸರಿಯುತ್ತಾ ಅದನ್ನು ಪೂರ್ತಿ ಕೆಡಿಸಿಟ್ಟಿದ್ದ.

ಕೆಡಿಸುವುದು ಅಂದರೆ ಹೇಗೆ? ನಮ್ಮ ದೇವಿಮನೆ ಘಟ್ಟ ಕಣ್ಣ ಮುಂದೆ ತಂದುಕೊಳ್ಳಿ. ಶಿರಸಿಯಿಂದ ಕುಮಟೆಗೆ ಇಳಿಯುವ ರಸ್ತೆ. ತಿರುವಿನಲ್ಲಿ ದೊಡ್ಡ ದೊಡ್ಡ ಮರ ಐದು ಕಡಿದು ಅಡ್ಡ ಕೆಡವಿದ್ದಾರೆ. ಮರದ ಸುತ್ತ ಮಣ್ಣಿನಲ್ಲಿ ನೆಲಬಾಂಬ್ ಹೂತಿದ್ದಾರೆ. ಮುಂದಿನ ಮೋರಿ ಒಡೆದಿದ್ದಾರೆ. ಅದರ ಮುಂದೆ ರಸ್ತೆಯ ಕಣಿವೆ ಕಡೆಯ ಅಂಚನ್ನೇ ಸಿಡಿಸಿ ಕೆಳಗೆ ತಳ್ಳಿದ್ದಾರೆ. ಇಷ್ಟೂ ಸಾಲದು ಅಂತ ಎದುರಿನ ಗುಡ್ಡದಲ್ಲಿ ಮೆಷಿನ್ ಗನ್ ಇಟ್ಟು, ಯಾರು ಮರ ಎತ್ತಲು ಬರುತ್ತಾರೆ ಅಂತ ಕಾಯುತ್ತಿದ್ದಾರೆ.

2024ರ ಜುಲೈಯಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದದ್ದು ನಿಮಗೆಲ್ಲ ಗೊತ್ತು. ಹೆದ್ದಾರಿ ದಿನಗಟ್ಟಲೆ ಬಂದ್. ಅಷ್ಟೊಂದು ಯಂತ್ರ ಇದ್ದೂ ಮಣ್ಣು ತೆಗೆಯುವುದು ಎಷ್ಟು ಕಷ್ಟ ಅಂತ ನೋಡಿದ್ದೇವೆ. ಅಲ್ಲಿ ಮೇಲಿನಿಂದ ಯಾರೂ ಗುಂಡು ಹಾರಿಸುತ್ತಿರಲಿಲ್ಲ.

ನೆಲಬಾಂಬ್ ತೆಗೆಯುವುದನ್ನೂ ಸ್ವಲ್ಪ ಹೇಳುತ್ತೇನೆ, ಮಕ್ಕಳಿಗೆ ಬೇಕು. ಟ್ಯಾಂಕಿಗೆ ಅಂತ ಹೂತ ಬಾಂಬ್ ದೊಡ್ಡ ಭಾರ ಬಿದ್ದರೆ ಸಿಡಿಯುತ್ತದೆ. ಮನುಷ್ಯರಿಗೆ ಅಂತ ಹೂತದ್ದು ಬರೀ ಹೆಜ್ಜೆ ಇಟ್ಟರೆ ಸಾಕು. ಎರಡನ್ನೂ ಬೆರೆಸಿ ಹೂಳುವುದುಂಟು. ಹುಡುಕುವವನು ಹೊಟ್ಟೆಯ ಮೇಲೆ ಮಲಗಬೇಕು. ಕೈಯಲ್ಲಿ ಬಯೊನೆಟ್ ಅಥವಾ ಕಬ್ಬಿಣದ ಸಲಾಕೆ. ಅದನ್ನು ನೆಟ್ಟಗೆ ಚುಚ್ಚುವ ಹಾಗಿಲ್ಲ. ನೆಟ್ಟಗೆ ಚುಚ್ಚಿದರೆ ಬಾಂಬಿನ ತಲೆಗೇ ತಾಗುತ್ತದೆ. ಓರೆಯಾಗಿ, ಮೆಲ್ಲಗೆ, ಬೆರಳಗಲ ಬೆರಳಗಲ ಬಿಟ್ಟು ಚುಚ್ಚುತ್ತಾ ಹೋಗಬೇಕು. ಗಟ್ಟಿ ಏನಾದರೂ ತಾಗಿತೋ, ನಿಲ್ಲಬೇಕು. ಬೆರಳಿನಿಂದ ಸುತ್ತ ಮಣ್ಣು ಬಿಡಿಸಬೇಕು. ಅಡಿಯಲ್ಲಿ ಇನ್ನೊಂದು ಸಿಕ್ಕಿಸಿದ್ದಾರಾ ನೋಡಬೇಕು. ಮಣ್ಣು ನೋಡಿಯೇ ಇಲ್ಲಿ ಅಗೆದಿದ್ದಾರೆ ಅಂತ ಹೇಳುವ ಕಣ್ಣು ಬೇಕು. ಅವಸರದ ಕೆಲಸ ಅಲ್ಲವೇ ಅಲ್ಲ. ರಾಣೆಯವರು ಅದನ್ನು ಅವಸರದಲ್ಲಿ ಮಾಡಬೇಕಿತ್ತು.

ಈಗ ಹಾಜರಿ ಪುಸ್ತಕ ತೆಗೆಯೋಣ.

1948ರ ಏಪ್ರಿಲ್ 8. ಬೆಳಿಗ್ಗೆ 11 ಗಂಟೆ. ನೌಶೇರಾ–ರಜೌರಿ ರಸ್ತೆ, 26ನೇ ಮೈಲಿ. ಡೋಗ್ರಾ ಪಲ್ಟಣ ಬರವಾಲಿ ದಿಣ್ಣೆಯ ಮೇಲೆ ದಾಳಿ ಮಾಡುತ್ತಿದೆ. ರಾಣೆಯವರೂ ಅವರ ಹುಡುಗರೂ ಟ್ಯಾಂಕ್‌ಗಳ ಪಕ್ಕ ಕೆಲಸ ಶುರು ಮಾಡಲು ಕಾಯುತ್ತಿದ್ದಾರೆ. ಆಗ ಮಾರ್ಟರ್ ಬಿತ್ತು. ಮಾರ್ಟರ್ ಅಂದರೆ ಗುಡ್ಡದ ಆಚೆಯಿಂದ ಮೇಲಕ್ಕೆ ಹಾರಿಸಿ ತಲೆಯ ಮೇಲೆ ಬೀಳಿಸುವ ಗುಂಡು. ಬಂಡೆಯ ಹಿಂದೆ ಅಡಗಿದರೂ ಬಿಡುವುದಿಲ್ಲ. ಇಬ್ಬರು ಅಲ್ಲೇ ಸತ್ತರು. ಐವರಿಗೆ ಗಾಯ. ಆ ಐವರಲ್ಲಿ ರಾಣೆಯವರೂ ಒಬ್ಬರು.

ಗಮನಿಸಿ, ಕೆಲಸ ಇನ್ನೂ ಶುರುವೇ ಆಗಿಲ್ಲ. ಮೇಸ್ತ್ರಿಗೆ ಏಟು, ಗ್ಯಾಂಗಿನಲ್ಲಿ ಆರು ಜನ ಕಡಿಮೆ. ನಾವಾಗಿದ್ದರೆ ಏನು ಬರೆಯುತ್ತಿದ್ದೆವು? ಕೆಲಸ ಸ್ಥಗಿತ, ಮೇಲಿನವರ ಆದೇಶಕ್ಕೆ ಕಾದಿದೆ. ರಾಣೆಯವರ ದಾಖಲೆಯಲ್ಲಿ ಮುಂದಿನ ಸಾಲು ಬೇರೆ ಇದೆ. ಉಳಿದವರನ್ನು ಮತ್ತೆ ಹಂಚಿಕೊಂಡು ಕೆಲಸ ಶುರು. ಲೀಡರ್‌ಶಿಪ್ ಅಂತ ಈಗ ದೊಡ್ಡ ದೊಡ್ಡ ಪುಸ್ತಕ ಬರುತ್ತವೆ. ನನಗೆ ಈ ಒಂದು ಸಾಲು ಸಾಕು. ಪಕ್ಕದಲ್ಲಿ ಇಬ್ಬರ ಹೆಣ ಇರುವಾಗ, ನೀನು ಇಲ್ಲಿ, ನೀನು ಅಲ್ಲಿ ಅಂತ ಜನ ಹಂಚುವುದು ಸುಮ್ನೆ ಮಾತಲ್ಲ. ಕೇಳುವವರಿಗೆ ಹೇಳುವವನ ಮೇಲೆ ನಂಬಿಕೆ ಇರಬೇಕು. ಅವನ ಬಟ್ಟೆಯಲ್ಲೂ ರಕ್ತ ಇತ್ತು.

ಸಂಜೆ ನಾಲ್ಕೂವರೆಗೆ ದಿಣ್ಣೆ ಕೈಗೆ ಬಂತು. ಸುತ್ತ ಶತ್ರು ಇನ್ನೂ ಇದ್ದ. ರಾಣೆಯವರು ಕಾಯಲಿಲ್ಲ. ಟ್ಯಾಂಕ್ ಹೋಗಲು ಬಳಸುದಾರಿ ಮಾಡಲು ಶುರು ಮಾಡಿದರು. ರಾತ್ರಿ 10ರ ತನಕ, ಮೆಷಿನ್ ಗನ್ ಗುಂಡಿನಡಿ.

ಏಪ್ರಿಲ್ 9. ಬೆಳಿಗ್ಗೆ 6ಕ್ಕೆ ಶುರು. ಮಧ್ಯಾಹ್ನ 3ಕ್ಕೆ ಬಳಸುದಾರಿ ತಯಾರು. ಟ್ಯಾಂಕ್‌ಗಳು ಹೊರಟವು. ಎಲ್ಲಕ್ಕಿಂತ ಮುಂದಿನ ಗಾಡಿಯಲ್ಲಿ ರಾಣೆಯವರು. ಅರ್ಧ ಮೈಲಿ ಹೋದರೆ ಪೈನ್ ಮರಗಳು ಅಡ್ಡ. ಇಳಿದು ಸಿಡಿಮದ್ದು ಇಟ್ಟು ಹಾರಿಸಿದರು. ಮತ್ತೆ 300 ಗಜ, ಮತ್ತೆ ಮರ. ಅದೂ ಹೋಯಿತು. 5 ಗಂಟೆ. ಮುಂದೆ ಒಡೆದ ಮೋರಿ. ಕೆಲಸಕ್ಕೆ ಕೈ ಹಾಕುವ ಮೊದಲೇ ಗುಂಡಿನ ಮಳೆ. ಅಲ್ಲೂ ಬಳಸುದಾರಿ ಮಾಡಿ ಟ್ಯಾಂಕ್ ದಾಟಿಸಿದರು.

ಮೋರಿ ಪಕ್ಕ ಬಳಸುದಾರಿ ಮಾಡುವುದು ನನಗೆ ಗೊತ್ತಿರುವ ಕೆಲಸ. ಒಂದು ಮಳೆಗಾಲ ಘಟ್ಟದಲ್ಲಿ ಮೋರಿ ಕೊಚ್ಚಿಕೊಂಡು ಹೋಗಿತ್ತು. ಇಪ್ಪತ್ತು ಆಳು, ಒಂದು ಜೆಸಿಬಿ, ನಾನು ಕೊಡೆ ಹಿಡಿದು ನಿಂತ ಮೇಲ್ವಿಚಾರಕ. ಬಸ್ ದಾಟುವಷ್ಟು ದಾರಿ ಆಗಲು ಎರಡು ದಿನ ಹಿಡಿಯಿತು. ಮೊದಲ ಸಲ ಹಾಕಿದ ಕಲ್ಲು ಬಸ್ಸಿನ ಚಕ್ರಕ್ಕೇ ಕುಸಿದು, ಮತ್ತೆ ಹಾಕಿಸಿದೆ. ತಪ್ಪು ನನ್ನದೇ, ಬುಡ ಗಟ್ಟಿ ಮಾಡಿಸಿರಲಿಲ್ಲ. ಅಲ್ಲಿ ದಾಟಬೇಕಾಗಿದ್ದದ್ದು ಟ್ಯಾಂಕ್. ದಾಟಿಸಿದ್ದು ಸಂಜೆಯ ಒಂದೇ ಒಂದು ತಾಸಿನ ಆಚೀಚೆ. ಈ ಸಾಲು ಓದಿದಾಗ ನಾನು ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಆ ದಿನ ಅಲ್ಲಿಗೂ ಮುಗಿಯಲಿಲ್ಲ. ಆರೂಕಾಲಿಗೆ, ಬೆಳಕು ಇಳಿಯುವಾಗ, ಆಗಲೇ ಹೇಳಿದೆನಲ್ಲ, ಆ ಐದು ದೊಡ್ಡ ಪೈನ್ ಮರಗಳು ಎದುರಾದವು. ಸುತ್ತ ನೆಲಬಾಂಬ್, ಮೇಲೆ ಮೆಷಿನ್ ಗನ್. ರಾಣೆಯವರು ಬಾಂಬ್ ತೆಗೆಯಲು ಕೂತೇಬಿಟ್ಟರು. ಟ್ಯಾಂಕ್ ದಂಡಿನ ಕಮಾಂಡರ್‌ ಬೇಡ ಅಂದು, ದಂಡನ್ನು ರಾತ್ರಿಯ ತಂಗುದಾಣಕ್ಕೆ ಒಯ್ದರು. ಆ ಕಮಾಂಡರ್ ಮಾಡಿದ್ದೂ ಸರಿ ಅಂತ ನನ್ನ ಲೆಕ್ಕ. ಕತ್ತಲಲ್ಲಿ ಮಣ್ಣು ಮಾತಾಡುವುದಿಲ್ಲ.

ಏಪ್ರಿಲ್ 10. ಬೆಳಗಿನ ಜಾವ 4 ಗಂಟೆ 45 ನಿಮಿಷ. ಅದೇ ಮರದ ಹತ್ತಿರ ಹಾಜರ್. ಆರೂವರೆಗೆ ಮರ ಇಲ್ಲ, ದಾರಿ ಇದೆ. ಮುಂದಿನ ಸಾವಿರ ಗಜ ಪೂರ್ತಿ ಅಡೆತಡೆ, ಒಡೆದ ದಂಡೆ. ಹತ್ತೂವರೆಗೆ ಅದೂ ಮುಗಿಯಿತು. ಟ್ಯಾಂಕ್‌ಗಳು ರಸ್ತೆ ಬಿಟ್ಟು ತವಿ ಹೊಳೆಯ ಪಾತ್ರಕ್ಕೆ ಇಳಿದು ಮುಂದೆ ಹೋದವು. ಮಧ್ಯಾಹ್ನ 2ಕ್ಕೆ ಚಿಂಗಸ್ ಮುಟ್ಟಿದವು. ಚಿಂಗಸ್‌ನಲ್ಲಿ ಮೊಗಲರ ಕಾಲದ ಸರಾಯ್, ಅಂದರೆ ಪ್ರಯಾಣಿಕರ ಛತ್ರ, ಇದೆ. ಕಾಶ್ಮೀರದಿಂದ ಬರುವಾಗ ಜಹಾಂಗೀರ್ ಸತ್ತು, ಅವನ ಕರುಳನ್ನು ಅಲ್ಲೇ ಹೂತರು ಅಂತ ಅಲ್ಲಿಯವರು ಹೇಳುವುದುಂಟು. ಇರಲಿ, ದಾರಿ ತಪ್ಪಿದೆ.

ಟ್ಯಾಂಕ್ ಹೋಯಿತು, ಇನ್ನೇನು ಅಂತ ಒಂದು ಮರದಡಿ ಒರಗಬಹುದಿತ್ತು. ಗಾಯ ಬೇರೆ ಇತ್ತು. ಆದರೆ ಟ್ಯಾಂಕಿನ ಹಿಂದೆ ಲಾರಿಗಳು ಬರಬೇಕು. ಇಂಧನ, ಗುಂಡು, ರೇಶನ್, ಔಷಧಿ. ಲಾರಿ ಹೊಳೆಯಲ್ಲಿ ಹೋಗುವುದಿಲ್ಲ, ಅದಕ್ಕೆ ರಸ್ತೆಯೇ ಬೇಕು. ರಾಣೆಯವರು ಊಟ, ವಿಶ್ರಾಂತಿ ಎರಡೂ ಇಲ್ಲದೆ ರಾತ್ರಿ 9ರ ತನಕ ರಸ್ತೆ ತೆರವು ಮಾಡುತ್ತಲೇ ಇದ್ದರು. ನೋಡುವವರು ಯಾರೂ ಇಲ್ಲದ ಕೆಲಸ ಇದು. ಟ್ಯಾಂಕಿನ ಮುಂದೆ ಓಡುವಾಗ ಜೋಶ್ ಇರುತ್ತದೆ. ಹಿಂದೆ ಉಳಿದು ಲಾರಿಗೆ ದಾರಿ ಮಾಡುವಾಗ ಏನಿರುತ್ತದೆ? ಇಡೀ ದಾಖಲೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಈ ಮಧ್ಯಾಹ್ನ.

ಏಪ್ರಿಲ್ 11. ಬೆಳಿಗ್ಗೆ 6ಕ್ಕೆ ಶುರು. 11ಕ್ಕೆ ಚಿಂಗಸ್ ತನಕ ರಸ್ತೆ ಪೂರ್ತಿ ತೆರೆಯಿತು. ಅಲ್ಲಿಂದ ಮುಂದಿನ ರಸ್ತೆಗೆ ಕೈ ಹಾಕಿ ರಾತ್ರಿ 10ರ ತನಕ. 12ರಂದು ನಮ್ಮವರು ರಜೌರಿ ಹೊಕ್ಕರು.

ಹಳೆಯ ಚಾಳಿ, ನಾನು ಕೂಲಿ ಲೆಕ್ಕ ಹಾಕಿದೆ. ಮೊದಲ ದಿನ 11 ತಾಸು. ಎರಡನೇ ದಿನ 12ರ ಮೇಲೆ. ಮೂರನೇ ದಿನ 16, ನಾಲ್ಕನೇ ದಿನ 16. ಒಟ್ಟು 55 ತಾಸು ದಾಟುತ್ತದೆ. ದಿನಕ್ಕೆ ಎಂಟು ತಾಸಿನ ಲೆಕ್ಕದಲ್ಲಿ ಸುಮಾರು ಏಳು ಆಳಿನ ಹಾಜರಿ. ನಾಲ್ಕು ದಿನದಲ್ಲಿ, ಒಬ್ಬ ಗಾಯಾಳು.

ಮಾತಿನ ನಡುವೆ ಹಿರಿಯರೊಬ್ಬರು ಕೇಳಿದರು: "ರಾಣೆಯವರು ಆರ್ಟಿಲರಿಯವರು ಅಲ್ವಾ?" ಅಲ್ಲ. ಆರ್ಟಿಲರಿ ಅಂದರೆ ಫಿರಂಗಿ ದಳ. ಇವರು ಎಂಜಿನಿಯರ್ ದಳ. ಗೊಂದಲ ಆಗುವುದು ಸಹಜ, ಯಾಕೆಂದರೆ ಎರಡೂ ಅಣ್ಣತಮ್ಮಂದಿರ ಹಾಗೆ. ಎಂಜಿನಿಯರ್ ದಳದ ಧ್ಯೇಯವಾಕ್ಯ ‘ಸರ್ವತ್ರ’. ಫಿರಂಗಿ ದಳದ್ದು ‘ಸರ್ವತ್ರ ಇಜ್ಜತ್ ಓ ಇಕ್ಬಾಲ್’. ಎಲ್ಲೆಲ್ಲೂ ಅನ್ನುವ ಮಾತು ಇಬ್ಬರಿಗೂ ಸೇರಿದ್ದು. ಫಿರಂಗಿಯವರು ದೂರದಿಂದ ಹೊಡೆದು ಶತ್ರುವಿನ ತಲೆ ತಗ್ಗಿಸುತ್ತಾರೆ. ಆ ತಲೆ ತಗ್ಗಿದ ಹೊತ್ತಿನಲ್ಲಿ ಎಂಜಿನಿಯರ್ ದಳದವರು ಹೋಗಿ ಮಣ್ಣು ಕೆದಕುತ್ತಾರೆ. ಸ್ಯಾಪರ್ ಅನ್ನುವ ಹೆಸರೂ ಮಣ್ಣಿನಿಂದಲೇ ಬಂದದ್ದು. ಹಿಂದೆ ಕೋಟೆ ಮುತ್ತಿಗೆ ಹಾಕಿದಾಗ ಗೋಡೆಯ ಬುಡದ ತನಕ ಕಂದಕ ತೋಡಿಕೊಂಡು ಹೋಗುವವರು ಸ್ಯಾಪರ್‌ಗಳು. ಸದಾಶಿವಗಡ ಹತ್ತಿದ್ದೀರಲ್ಲ? ಮೇಲಿನಿಂದ ಬಾಣ, ಗುಂಡು ಬೀಳುವಾಗ ಅದರ ಬುಡಕ್ಕೆ ಅಗೆಯುತ್ತಾ ಹೋಗುವುದನ್ನು ಯೋಚನೆ ಮಾಡಿ.

1950ರಲ್ಲಿ ಪರಮವೀರ ಚಕ್ರ ಅನ್ನುವ ಪದಕ ಶುರುವಾದಾಗ, 1947–48ರ ಯುದ್ಧಕ್ಕೆ ಐದು ಜನರನ್ನು ಆರಿಸಿದರು. ಮೂವರು ರಣರಂಗದಲ್ಲೇ ತೀರಿಕೊಂಡಿದ್ದರು. ಬದುಕಿ ಪದಕ ಪಡೆದವರು ಇಬ್ಬರೇ, ಲ್ಯಾನ್ಸ್ ನಾಯಕ್ ಕರಮ್ ಸಿಂಗ್ ಮತ್ತು ನಮ್ಮ ರಾಣೆಯವರು. ಕಂಚಿನ ಪದಕ, ಅದರ ಮೇಲೆ ಇಂದ್ರನ ವಜ್ರಾಯುಧದ ನಾಲ್ಕು ಚಿತ್ರ. ವಿನ್ಯಾಸ ಮಾಡಿದವರು ಸಾವಿತ್ರಿ ಖಾನೋಲ್ಕರ್. ಹುಟ್ಟಿದ್ದು ಸ್ವಿಟ್ಜರ್ಲೆಂಡಿನಲ್ಲಿ, ಮದುವೆಯಾದದ್ದು ನಮ್ಮ ಸೇನೆಯ ಆಫೀಸರನ್ನು. ಚೆಂಡಿಯಾದ ಕಾನ್‌ಸ್ಟೇಬಲ್ ಮಗನ ಎದೆಗೆ, ವಜ್ರಾಯುಧಕ್ಕೆ ತನ್ನ ಮೂಳೆ ಕೊಟ್ಟ ದಧೀಚಿಯ ಕತೆ ಬಂದು ಸೇರಿದ್ದು ಹೀಗೆ ಸುತ್ತು ಹೊಡೆದು.

ಏಪ್ರಿಲ್ 8ರಂದು ತೀರಿಕೊಂಡ ಆ ಇಬ್ಬರ ಹೆಸರು ಸೈಟೇಶನ್ನಿನಲ್ಲಿ ಇಲ್ಲ. ಇಬ್ಬರು ಅಂತ ಮಾತ್ರ ಇದೆ.

ಮುಂದೆ ರಾಣೆಯವರು ಮೇಜರ್ ಆಗಿ ನಿವೃತ್ತರಾದರು. 1994ರ ಜುಲೈ 11ರಂದು ಪುಣೆಯಲ್ಲಿ ತೀರಿಕೊಂಡರು. ಅವರ ಹೆಸರಿನ ಎಣ್ಣೆ ಹಡಗೊಂದು ಸಮುದ್ರದಲ್ಲಿ ಓಡಾಡಿತ್ತು. 2023ರಲ್ಲಿ ಅಂಡಮಾನಿನ ಒಂದು ದ್ವೀಪಕ್ಕೂ ಅವರ ಹೆಸರಿಟ್ಟರು. ಕಾರವಾರದ ಮೂರ್ತಿ ನಿಮಗೆ ಗೊತ್ತು. ಟ್ಯಾಗೋರ್ ಕಡಲತೀರದಲ್ಲಿ, ಚಾಪೆಲ್ ಯುದ್ಧನೌಕೆಯ ಹತ್ತಿರ, 2006ರ ನವೆಂಬರಿನಿಂದ ನಿಂತಿದೆ. ನಾವು ನೌಕೆ ಹತ್ತಿ ಫೋಟೊ ತೆಗೆಸಿಕೊಂಡು, ಚುರುಮುರಿ ತಿಂದು ವಾಪಸ್ ಬರುತ್ತೇವೆ. ನಾನೂ ಎಷ್ಟೋ ವರ್ಷ ಹಾಗೇ ಬಂದವನು.

ಕೊನೆಗೆ ಒಂದು ಆಟ ಆಡಿದೆವು. ರಾಣೆಯವರ ಬಗ್ಗೆ ಸೈನ್ಯದವರು ಹೇಳುವ ಕತೆಯೊಂದಿದೆ. ಗುಂಡಿನ ಮಳೆಯಲ್ಲಿ ರಸ್ತೆಯಲ್ಲಿ ನಿಲ್ಲಲು ಆಗದಾಗ ಅವರು ಟ್ಯಾಂಕಿನ ಅಡಿಗೇ ತೂರಿಕೊಂಡರಂತೆ. ಟ್ಯಾಂಕ್ ಮೆಲ್ಲಗೆ ಚಲಿಸುತ್ತದೆ, ಇವರು ಅದರ ಹೊಟ್ಟೆಯಡಿ ತೆವಳುತ್ತಾ ಬಾಂಬ್ ಹುಡುಕುತ್ತಾರೆ. ಒಳಗಿರುವ ಡ್ರೈವರಿಗೆ ನಿಲ್ಲು, ಹೋಗು ಅಂತ ತಿಳಿಸಲು ಎರಡು ಹಗ್ಗ. ಒಂದು ಎಳೆದರೆ ನಿಲ್ಲು, ಇನ್ನೊಂದು ಎಳೆದರೆ ಹೋಗು.

ಒಂಬತ್ತನೇ ತರಗತಿಯ ಇಬ್ಬರು ಹುಡುಗರನ್ನು ಕರೆದೆ. ಸಭೆಯ ಉದ್ದನೆಯ ಬೆಂಚೇ ಟ್ಯಾಂಕ್. ಒಬ್ಬ ಅಡಿಯಲ್ಲಿ ಮಲಗಿದ. ಇನ್ನೊಬ್ಬ ಕಣ್ಣಿಗೆ ಕರವಸ್ತ್ರ ಕಟ್ಟಿಕೊಂಡು ಬೆಂಚು ತಳ್ಳುವ ಡ್ರೈವರ್. ಅವನ ಎರಡು ಮಣಿಕಟ್ಟಿಗೆ ಸುತಳಿ ಕಟ್ಟಿ, ತುದಿ ಕೆಳಗಿನವನ ಕೈಗೆ ಕೊಟ್ಟೆ. ನೆಲದ ಮೇಲೆ ಐದು ಹುಣಸೆಬೀಜ ಚೆಲ್ಲಿದೆ, ಅವೇ ಬಾಂಬ್. ಉಳಿದ ಮಕ್ಕಳಿಗೆ ಜೋರಾಗಿ ಕೂಗಿ ಅಂದೆ. ಹೇಳುವುದೇ ಬೇಡ, ಮಾಡು ಕಿತ್ತುಹೋಗುವ ಹಾಗೆ ಕೂಗಿದರು.

ಎರಡು ಬೀಜ ಸಿಕ್ಕವು. ಮೂರನೆಯದರ ಮೇಲೆ ಬೆಂಚಿನ ಕಾಲು ಹತ್ತಿತು. ಅಡಿಯಲ್ಲಿದ್ದ ಹುಡುಗ ಮೊಣಕೈ ಉಜ್ಜಿಕೊಳ್ಳುತ್ತಾ ಹೊರಗೆ ಬಂದ. ಶರ್ಟೆಲ್ಲ ಧೂಳು.

"ಸರ್, ನಾನು ಎಳೆದೆ. ಅವನಿಗೆ ಗೊತ್ತೇ ಆಗಲಿಲ್ಲ."

ಇನ್ನೊಬ್ಬ ಕರವಸ್ತ್ರ ಬಿಚ್ಚಿದ. "ಇಷ್ಟು ಗಲಾಟೆಯಲ್ಲಿ ಹೇಗೆ ಗೊತ್ತಾಗ್ತದೆ ಮಾರಾಯಾ?"

ಇನ್ನೊಂದು ಸಲ ಮಾಡುತ್ತೇವೆ ಸರ್ ಅಂತ ಇಬ್ಬರೂ ಕೇಳಿದರು. ಸುತಳಿ ಬಿಗಿ ಮಾಡಿ ಕಟ್ಟಿಕೊಟ್ಟೆ.